ಆ ಮಕ್ಕಳ ಫೋಟೋ ಹಾಕಬೇಡಿ

ಬೆಳಗ್ಗೆಯಿಂದ ಮನಸ್ಸು ಸರಿ ಇಲ್ಲ. ಫೇಸ್‌ಬುಕ್ ತೆರೆದ ಕೂಡಲೇ ಒಂದು ಫೋಟೋ ಕಣ್ಣಿಗೆ ಬಿತ್ತು. ಪರಿಚಯದವರೊಬ್ಬರು ಮಗನ ಹುಟ್ಟುಹಬ್ಬವನ್ನು ಒಂದು ಮಕ್ಕಳ ಆಶ್ರಮದಲ್ಲಿ ಆಚರಿಸಿದ್ದಾರೆ. ಮುಂದೆ ಕೇಕು, ಹಿಂದೆ ಸಾಲು ಸಾಲು ಮಕ್ಕಳು. ಎಲ್ಲರ ಕೈಯಲ್ಲೂ ಒಂದೇ ಥರದ ಟಿಫಿನ್ ಬಾಕ್ಸ್. ಕ್ಯಾಮೆರಾಗೆ ಕಾಣಲಿ ಅಂತ ಎದೆ ಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ. ಆಶ್ರಮದ ಹೆಸರಿದೆ, ಊರಿದೆ. ಎರಡನೇ ಸಾಲಿನ ಒಬ್ಬಳು ಹುಡುಗಿಯ ಬಗ್ಗೆ ಬೇರೆಯಾಗಿ ಬರೆದಿದ್ದಾರೆ. ಅವಳ ಹೆಸರು, ಅವಳ ಅಮ್ಮ ಹೇಗೆ ತೀರಿಕೊಂಡರು, ಅಪ್ಪ ಯಾಕೆ ಜೈಲಿನಲ್ಲಿದ್ದಾನೆ, ಎಲ್ಲ. ಕೆಳಗೆ ನೂರಾರು ಜನ ಕೈ ಮುಗಿದಿದ್ದಾರೆ.

ದಯವಿಟ್ಟು ಆ ಫೋಟೋ ತೆಗೆಯಿರಿ ಅಂತ ಮೆಸೇಜ್ ಮಾಡಿದೆ. ‘ಒಳ್ಳೆ ಕೆಲಸದಲ್ಲೂ ತಪ್ಪು ಹುಡುಕ್ತೀರಲ್ಲ ಮೇಡಂ’ ಅಂತ ಉತ್ತರ ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ಇಂಥದ್ದೇ ಒಂದು ಟ್ರಸ್ಟಿನ ಆಶ್ರಮದಲ್ಲಿ ಬೆಳೆದವಳು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ಟ್ರಸ್ಟ್ ನನಗೆ ಅನ್ನ ಹಾಕಿತು, ಓದಿಸಿತು. ಆ ಋಣ ಇದೆ, ಇರುತ್ತದೆ. ಆದರೆ ದಾನಿಗಳು ಬರುವ ದಿನ ಹೇಗಿರುತ್ತಿತ್ತು ಅನ್ನುವುದನ್ನೂ ಹೇಳಲೇಬೇಕು. ಬೆಳಗ್ಗೆಯೇ ತಲೆಗೆ ಎಣ್ಣೆ ಹಚ್ಚಿ ಬಾಚಿ, ಚೆನ್ನಾಗಿರುವ ಬಟ್ಟೆ ಹಾಕಿಸಿ, ಎತ್ತರ ನೋಡಿ ಸಾಲಾಗಿ ಕೂರಿಸುತ್ತಿದ್ದರು. ಎಲೆಗೆ ಅನ್ನ, ಹೋಳಿಗೆ, ಪಾಯಸ ಎಲ್ಲ ಬಡಿಸಿ ಆಗಿರುತ್ತಿತ್ತು. ಮುಟ್ಟುವ ಹಾಗಿರಲಿಲ್ಲ. ಫೋಟೋದವರು ಬರಬೇಕು. ಬಂದ ಮೇಲೆ ದಾನಿಗಳ ಮನೆಯವರು ಒಬ್ಬೊಬ್ಬರೇ ಸೌಟು ಹಿಡಿದು, ಈಗಾಗಲೇ ತುಂಬಿದ ಎಲೆಗೆ ಮತ್ತೆ ಬಡಿಸುವ ಹಾಗೆ ಬಗ್ಗಿ ನಿಲ್ಲಬೇಕು. ಅಷ್ಟರಲ್ಲಿ ಪಾಯಸದ ಮೇಲೆ ಕೆನೆ ಕಟ್ಟಿರುತ್ತಿತ್ತು. ಚಿಕ್ಕವರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದರು, ಮರೆತು ಬಾಯಿಗೆ ಹಾಕಿಬಿಟ್ಟೇವು ಅಂತ. ನಗು ಅಂದಾಗ ನಗಬೇಕು. ನಕ್ಕಿದ್ದೇವೆ.

ಒಮ್ಮೆ ಆ ಫೋಟೋ ಪೇಪರಿನಲ್ಲಿ ಬಂತು. ‘ಅನಾಥ ಮಕ್ಕಳಿಗೆ ಊಟ’ ಅಂತ ಶೀರ್ಷಿಕೆ. ಮರುದಿನ ಕ್ಲಾಸಿನ ಹುಡುಗನೊಬ್ಬ ಆ ಪೇಪರ್ ತಂದು ಎಲ್ಲರಿಗೂ ತೋರಿಸಿದ. ಅಲ್ಲಿಯವರೆಗೆ ನಾನು ಆ ಕ್ಲಾಸಿನಲ್ಲಿ ಗಣಿತ ಚೆನ್ನಾಗಿ ಮಾಡುವ ಹುಡುಗಿ. ಅವತ್ತಿನಿಂದ ಆಶ್ರಮದ ಹುಡುಗಿ. ಅದು ಪೇಪರ್ ಆಗಿದ್ದಕ್ಕೆ ಒಂದು ವಾರದಲ್ಲಿ ರದ್ದಿಗೆ ಹೋಯಿತು. ಇವತ್ತಿನ ಮಕ್ಕಳ ಫೋಟೋ ರದ್ದಿಗೆ ಹೋಗುವುದಿಲ್ಲ.

ಇದು ಹೊಸ ರೋಗವೇನೂ ಅಲ್ಲ. ಇಂಗ್ಲೆಂಡಿನ ಬರ್ನಾರ್ಡೋಸ್ ಅನ್ನುವ ಮಕ್ಕಳ ಸಂಸ್ಥೆಯ ಚರಿತ್ರೆ ನೋಡಿ. ಅದನ್ನು ಕಟ್ಟಿದ ಥಾಮಸ್ ಬರ್ನಾರ್ಡೋ 1866ರಲ್ಲಿ ಡಬ್ಲಿನ್‌ನಿಂದ ಲಂಡನ್ನಿಗೆ ಬಂದದ್ದು ಡಾಕ್ಟರ್ ಆಗಿ ಚೀನಾಕ್ಕೆ ಹೋಗಬೇಕು ಅಂತ. ಲಂಡನ್ನಿನ ಪೂರ್ವ ಭಾಗದಲ್ಲಿ ಬೀದಿಯಲ್ಲಿ ಮಲಗುವ ಮಕ್ಕಳನ್ನು ಕಂಡು ಅಲ್ಲೇ ಉಳಿದುಬಿಟ್ಟರು. 1870ರಲ್ಲಿ ಸ್ಟೆಪ್ನಿಯಲ್ಲಿ ಹುಡುಗರಿಗೆ ಮನೆ ತೆರೆದರು. ಜಾಗ ಇಲ್ಲ ಅಂತ ವಾಪಸ್ ಕಳಿಸಿದ ಒಬ್ಬ ಹುಡುಗ ಬೀದಿಯಲ್ಲೇ ಸತ್ತ. ಅದಾದ ಮೇಲೆ ಯಾವ ದಿಕ್ಕಿಲ್ಲದ ಮಗುವಿಗೂ ಬಾಗಿಲು ಮುಚ್ಚುವುದಿಲ್ಲ ಅಂತ ಬೋರ್ಡ್ ಹಾಕಿದರು. ಇಂಥ ಮನುಷ್ಯನೇ ಇನ್ನೊಂದು ಕೆಲಸವನ್ನೂ ಮಾಡಿದರು. ಮಗು ಬಂದಾಗ ಹೇಗಿತ್ತು, ಈಗ ಹೇಗಿದೆ ಅಂತ ಜೋಡಿ ಫೋಟೋ ತೆಗೆಸಿ, ಕಾರ್ಡ್ ಮಾಡಿಸಿ ಮಾರಿದರು. ದುಡ್ಡು ಬಂತು. ‘ಮೊದಲು’ ಅನ್ನುವ ಫೋಟೋಗಳಲ್ಲಿ ಕೆಲವನ್ನು ಸ್ಟುಡಿಯೋದಲ್ಲೇ ಸಜ್ಜು ಮಾಡಿ ತೆಗೆಯಲಾಗಿತ್ತು. ಇದ್ದದ್ದಕ್ಕಿಂತ ಹರಿದ ಬಟ್ಟೆ, ಇದ್ದದ್ದಕ್ಕಿಂತ ದೀನ ನಿಲುವು. 1877ರಲ್ಲಿ ಅವರ ಮೇಲಿನ ಆರೋಪಗಳ ಪಂಚಾಯ್ತಿ ನಡೆಯಿತು. ಹೆಚ್ಚಿನ ಆರೋಪಗಳಿಂದ ಪಾರಾದರು. ಫೋಟೋ ವಿಚಾರದಲ್ಲಿ ಮಾತ್ರ ಪಂಚರು ಕಟುವಾಗಿಯೇ ಟೀಕಿಸಿದರು. ಆ ಕಾರ್ಡುಗಳ ಮಾರಾಟ ಅಲ್ಲಿಗೆ ನಿಂತಿತು.

ಅವರು ಮಕ್ಕಳ ಫೋಟೋ ತೆಗೆಯುವುದನ್ನು ನಿಲ್ಲಿಸಲಿಲ್ಲ. ಮನೆಗೆ ಬಂದ ಮಗುವಿನ ಒಂದು ಫೋಟೋ ತೆಗೆದು ಅದರ ಕಡತದಲ್ಲಿ ಇಡುತ್ತಿದ್ದರು. ಅದೇ ಸಂಸ್ಥೆ ಸಾವಿರಾರು ಮಕ್ಕಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿತು. ಅದು ಇನ್ನೊಂದು ದೊಡ್ಡ ನೋವಿನ ಕಥೆ. ಮಕ್ಕಳನ್ನು ಹೀಗೆ ಕಡಲಾಚೆ ಕಳಿಸಿದ್ದಕ್ಕೆ 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಬೇಕಾಯಿತು. ಹಾಗೆ ಹೋದವರ ಮೊಮ್ಮಕ್ಕಳು ಇವತ್ತು ತಮ್ಮ ಅಜ್ಜನ ಮುಖ ಹುಡುಕಿಕೊಂಡು ಬರುವುದು ಆ ಕಡತಗಳಿಗೆ. ಮಗುವಿಗೋಸ್ಕರ ಇಟ್ಟ ಫೋಟೋ ಅದು. ದಾನಿಗೋಸ್ಕರ ತೆಗೆದ ಫೋಟೋ ಬೇರೆ. ಬರ್ನಾರ್ಡೋಸ್ ಈಗ ಅನಾಥಾಲಯಗಳನ್ನೇ ನಡೆಸುವುದಿಲ್ಲ. ಕುಟುಂಬಗಳ ಜೊತೆ ಕೆಲಸ ಮಾಡುತ್ತದೆ. ಅವರು ಬದಲಾದರು. ನಾವು ಇನ್ನೂ ಟಿಫಿನ್ ಬಾಕ್ಸ್ ಎತ್ತಿ ಹಿಡಿಸುತ್ತಿದ್ದೇವೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲೂ ಅಲ್ಲ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಓದಿ. ಪಾಲನೆ, ರಕ್ಷಣೆ ಬೇಕಾದ ಮಗುವಿನ ವಿಚಾರಣೆಯ ಬಗ್ಗೆ ಏನೇ ಹೇಳುವಾಗಲೂ ಅದರ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವ ವಿವರವನ್ನೂ ಹೊರಗೆ ಹಾಕುವ ಹಾಗಿಲ್ಲ. ಫೋಟೋ ಹಾಕುವ ಹಾಗಿಲ್ಲ. ಪೇಪರ್, ಟಿವಿ ಅಷ್ಟೇ ಅಲ್ಲ, ಬೇರೆ ಯಾವ ಮಾಧ್ಯಮದಲ್ಲೂ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಶ್ರಮದಲ್ಲಿರುವ ಮಗು, ಇಂಥ ಮಕ್ಕಳ ವಿಚಾರಣೆ ನಡೆಸುವ ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಅಲ್ಲಿಗೆ ಬಂದಿರಬೇಕು. ಅಪ್ಪ ಯಾಕೆ ಜೈಲಿಗೆ ಹೋದ ಅಂತ ಆ ಹುಡುಗಿಯ ಬಗ್ಗೆ ಬರೆದರಲ್ಲ, ಅದು ಸಮಿತಿಯ ಕಡತದಲ್ಲಿ ಇರಬೇಕಾದ ವಿಷಯ. ಆಶ್ರಮದವರು ಅದನ್ನು ಕೇಕು ತಂದವರಿಗೆ ಹೇಳಿದ್ದೇ ತಪ್ಪು.

ಮುಖ ಕಂಡರೆ ಏನಾಗುತ್ತದೆ ಅಂತ ಕೇಳುವವರು ಸ್ವಲ್ಪ ಯೋಚಿಸಿ. ಆ ಸಾಲಿನಲ್ಲಿ ಪೋಕ್ಸೊ ಕೇಸಿನ, ಅಂದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ಇರಬಹುದು. ಆರೋಪಿ ಅದರ ಸ್ವಂತ ಮಾವನೋ ಚಿಕ್ಕಪ್ಪನೋ ಆಗಿರಬಹುದು. ಮಗು ಎಲ್ಲಿದೆ ಅಂತ ಅವನಿಗೆ ಗೊತ್ತಾಗಬಾರದು ಅಂತಲೇ ಅದನ್ನು ದೂರ ಇಟ್ಟಿರುತ್ತಾರೆ. ನಿಮ್ಮ ಪೋಸ್ಟ್ ಅವನಿಗೆ ವಿಳಾಸ ಕೊಡುತ್ತದೆ. ಇದು ಹೆದರಿಸುವ ಮಾತಲ್ಲ. ಈ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ.

ಕೆಲವರು ಹೇಳುತ್ತಾರೆ, ಫೋಟೋ ಹಾಕದಿದ್ದರೆ ದಾನಿಗಳು ನಂಬುವುದಿಲ್ಲ, ದುಡ್ಡು ಬರುವುದಿಲ್ಲ ಅಂತ. ಒಬ್ಬರು ಹಾಕಿದ್ದು ನೋಡಿ ಹತ್ತು ಜನ ಕೊಡುತ್ತಾರೆ ಅಂತ. ಈ ಮಾತನ್ನು ಟ್ರಸ್ಟಿನವರೂ ಹೇಳುತ್ತಾರೆ, ಅವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ತಿಂಗಳ ಕೊನೆಗೆ ರೇಷನ್ ಅಂಗಡಿಯವನು ಫೋನ್ ಎತ್ತದ ದಿನಗಳನ್ನು ನಾನು ನೋಡಿದ್ದೇನೆ. ಆದರೂ ಈ ವಾದ ನನಗೆ ಒಪ್ಪಿಗೆಯಿಲ್ಲ. ನಂಬಿಕೆ ಬೇಕಾದರೆ ನೋಂದಣಿ ಪತ್ರ ಕೇಳಿ. ಅದೇ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 41ರ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಆಗಿರಲೇಬೇಕು. ಆಡಿಟ್ ಆದ ಲೆಕ್ಕಪತ್ರ ಕೇಳಿ. ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ರಸೀದಿ ತಗೊಳ್ಳಿ. ಅಡುಗೆಮನೆ ನೋಡಿ, ಶೌಚಾಲಯ ನೋಡಿ. ಇಷ್ಟು ದಾರಿ ಇರುವಾಗ ಎಂಟು ವರ್ಷದ ಮಗು ಯಾಕೆ ನಿಮ್ಮ ದಾನಕ್ಕೆ ಸಾಕ್ಷಿ ನಿಲ್ಲಬೇಕು? ನಿಮ್ಮ ಮಕ್ಕಳ ಶಾಲೆಯವರು ನಿಮ್ಮನ್ನು ಕೇಳದೆ ಮಗುವಿನ ಫೋಟೋ ಹಾಕಿದರೆ ಜಗಳಕ್ಕೆ ಹೋಗುತ್ತೀರಿ ಅಲ್ವಾ?

ಮಕ್ಕಳಿಗೆ ಖುಷಿ ಆಗುತ್ತದೆ ಅಂತೀರಿ. ಆಗುತ್ತದೆ. ಕೇಕು ಯಾರಿಗೆ ಬೇಡ? ಕೇಕು ತನ್ನಿ, ತಿನ್ನಿಸಿ, ಜೊತೆಗೆ ಕೂತು ತಿನ್ನಿ. ಫೋನ್ ಜೇಬಲ್ಲಿರಲಿ.

ಮುಖವೇ ಕಾಣದೆ ಎಷ್ಟು ದೊಡ್ಡ ಕೆಲಸ ಆಗಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಮಕ್ಕಳ ಸಹಾಯವಾಣಿ 1098. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲಿಮೋರಿಯಾ ಅವರು 1996ರಲ್ಲಿ ಚೈಲ್ಡ್‌ಲೈನ್ ಶುರು ಮಾಡಿದರು. ಬೀದಿ ಮಕ್ಕಳು ನೆನಪಿಟ್ಟುಕೊಳ್ಳಲು ಸುಲಭವಾದ ನಂಬರ್. ದುಡ್ಡು ಹಾಕದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಇಷ್ಟೆಲ್ಲ ನಡೆದದ್ದು ಬರೀ ದನಿಯ ಮೇಲೆ. ಅತ್ತ ಕಡೆಯ ಮಗು ಯಾರು, ಹೇಗಿದೆ ಅಂತ ಊರಿಗೆಲ್ಲ ತಿಳಿಯಬೇಕಾಗಿರಲಿಲ್ಲ. 2023ರಲ್ಲಿ ಆ ಸಹಾಯವಾಣಿಯನ್ನು ಸರ್ಕಾರ ಮಿಷನ್ ವಾತ್ಸಲ್ಯ ಅನ್ನುವ ತನ್ನ ಮಕ್ಕಳ ರಕ್ಷಣೆಯ ಯೋಜನೆಯ ಅಡಿ ತಗೊಂಡಿತು. ನಂಬರ್ ಮಾತ್ರ ಈಗಲೂ ಅದೇ. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಇನ್ನು ಟ್ರಸ್ಟುಗಳ ನಿಜವಾದ ಕೆಲಸ ಕೇಳಿ. ಬೆಂಗಳೂರಿನಲ್ಲಿ 1980ರಿಂದ ಬೀದಿ ಮಕ್ಕಳಿಗಾಗಿ ದುಡಿಯುವ ಬೋಸ್ಕೋ ಸಂಸ್ಥೆಯವರು ಮಾಡುತ್ತಾ ಬಂದಿರುವ ಹಾಗೆ, ರೈಲ್ವೆ ಸ್ಟೇಷನ್ನಿನಲ್ಲಿ, ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಓಡಾಡುವ ಮಗುವನ್ನು ಗುರುತಿಸುವುದು. ಮನೆ ಬಿಟ್ಟು ಬಂದ ಮಗು ಹೆಸರು ಸುಳ್ಳು ಹೇಳುತ್ತದೆ, ಊರು ಸುಳ್ಳು ಹೇಳುತ್ತದೆ. ಗದರಿದರೆ ಓಡಿಹೋಗುತ್ತದೆ. ಪಕ್ಕದಲ್ಲಿ ಕೂತು, ಟೀ ಬನ್ನು ಕೊಡಿಸಿ, ತಾನಾಗಿ ಬಾಯಿ ಬಿಡುವವರೆಗೆ ಕಾಯಬೇಕು. ಅಷ್ಟರಲ್ಲೇ 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆಮೇಲೆ ಯಾವುದೋ ತಾಲ್ಲೂಕಿನ ಯಾವುದೋ ಹಳ್ಳಿಗೆ ಹೋಗಿ ಮನೆ ಹುಡುಕಬೇಕು. ಅಪ್ಪ ಕುಡಿದು ಹೊಡೆಯುತ್ತಾನಾ, ಅಮ್ಮನಿಗೆ ಸಾಕುವ ಶಕ್ತಿ ಇದೆಯಾ, ಅಜ್ಜಿ ನೋಡಿಕೊಳ್ಳುತ್ತಾಳಾ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಮನೆಯಲ್ಲೇ ಉಳಿಸಿಕೊಳ್ಳಲಿ ಅಂತ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ, ಅಂದರೆ ಸರ್ಕಾರದ ನೆರವು ಇದೆ. ಅದನ್ನು ಮಾಡಿಸಿಕೊಡಲು ಯಾರಾದರೂ ಕಚೇರಿ ಸುತ್ತಬೇಕು. ಈ ಸುತ್ತುವವರ ಸಂಬಳಕ್ಕೆ, ಬಸ್ ಚಾರ್ಜಿಗೆ ದಾನಿಗಳು ಸಿಗುವುದಿಲ್ಲ. ಫೋಟೋ ಬರುವುದಿಲ್ಲ ನೋಡಿ, ಅದಕ್ಕೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕ್ಯಾಮೆರಾಗೆ ಕಾಣುವ ಕೆಲಸಕ್ಕೆ ದುಡ್ಡು, ಮಗುವಿನ ಬದುಕು ತಿರುಗುವ ಕೆಲಸಕ್ಕೆ ಇಲ್ಲ.

ಒಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಬಾಲ್ಯದ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಎಷ್ಟೊಂದು ಕ್ಯಾಮೆರಾ ಮುಂದೆ ಕೂತಿದ್ದೇನೆ. ಆ ಫೋಟೋಗಳೆಲ್ಲ ಯಾರ್ಯಾರದೋ ಮನೆಯ ಆಲ್ಬಮ್ಮಿನಲ್ಲಿವೆ. ನನ್ನ ಮಗಳು, ‘ಅಮ್ಮ, ನೀನು ನನ್ನಷ್ಟಿದ್ದಾಗ ಹೇಗಿದ್ದೆ’ ಅಂತ ಕೇಳುತ್ತಾಳೆ. ತೋರಿಸಲು ಏನೂ ಇಲ್ಲ. ಹುಟ್ಟಿದ ದಿನಾಂಕವೂ ದಾಖಲೆಗೆ ಹಾಕಿದ ಜೂನ್ 1. ಬೇರೆಯವರ ಎಷ್ಟೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿ ಬೆಳೆದವಳು ನಾನು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ.

ನಿಮ್ಮ ಟೈಮ್‌ಲೈನಿನಲ್ಲಿ ಇಂಥ ಹಳೇ ಫೋಟೋ ಇದ್ದರೆ ಇವತ್ತೇ ಡಿಲೀಟ್ ಮಾಡಿ. ಅದರಲ್ಲಿ ನಿಮ್ಮ ಕುಟುಂಬದವರೂ ಇದ್ದಾರೆ ಅಂತ ಉಳಿಸಿಕೊಳ್ಳಬೇಡಿ. ಪ್ರಿಂಟ್ ಹಾಕಿಸಿ ಆ ಮಕ್ಕಳಿಗೆ ಒಂದೊಂದು ಪ್ರತಿ ಕೊಟ್ಟು ಬನ್ನಿ. ಟ್ರಸ್ಟ್ ನಡೆಸುವ ಗೆಳೆಯರು ಕೆಲವರು ಇಲ್ಲಿದ್ದೀರಿ. ಫೋಟೋ ಬೇಡ ಅಂದರೆ ಬೇಜಾರಾಗುವ ದಾನಿಗೆ ಧೈರ್ಯವಾಗಿ ಬೇಡ ಅನ್ನಿ.

ಇನ್ನೊಂದು. 18 ತುಂಬಿದ ಮೇಲೆ ಈ ಮಕ್ಕಳು ಹೊರಗೆ ಬರಬೇಕು. 21ರವರೆಗೆ ನೆರವು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ, ಆದರೂ ಎಷ್ಟೋ ಜನಕ್ಕೆ ರೂಮಿನ ಅಡ್ವಾನ್ಸ್ ಕಟ್ಟಲು, ಡಿಪ್ಲೊಮಾ ಫೀಸ್ ತುಂಬಲು ಯಾರೂ ಇರುವುದಿಲ್ಲ. ಹಾಗೆ ಹೊರಗೆ ಬರುತ್ತಿರುವ ಕೆಲವರನ್ನು ನೋಡಿಕೊಳ್ಳುವ ಟ್ರಸ್ಟಿನವರು ನನಗೆ ಗೊತ್ತು. ಸಹಾಯ ಮಾಡುವ ಮನಸ್ಸಿದ್ದರೆ ಇನ್‌ಬಾಕ್ಸಿಗೆ ಬನ್ನಿ. ನೋಂದಣಿ ಪತ್ರ, ಲೆಕ್ಕ, ರಸೀದಿ ಎಲ್ಲ ಕೊಡಿಸುತ್ತೇನೆ. ಯಾರಿಗೆ ಕೊಟ್ಟೆ ಅಂತ ಹೆಸರು ಕೇಳಬೇಡಿ.