ಮಾಸ್ ಎಫೆಕ್ಟ್ 3ರ ಕೊನೆ: "ಹೋಗ್ಲಿ ಬಿಡು" ಅಂದವರು, "ಯಾಕೆ?" ಅಂದವರು

"ಕ್ಲೈಮ್ಯಾಕ್ಸ್ ಕೆಡಿಸಿಬಿಟ್ರು ಕಣೋ, ಹೋಗ್ಲಿ ಬಿಡು." 2012ರಲ್ಲಿ ಮಾಸ್ ಎಫೆಕ್ಟ್ 3 ಅನ್ನೋ ವಿಡಿಯೋ ಗೇಮ್ ಮುಗಿಸಿದ ನನ್ನ ಕನ್ನಡದ ಗೆಳೆಯರು ಹೇಳಿದ್ದು ಹೆಚ್ಚುಕಮ್ಮಿ ಇಷ್ಟೇ. ಅದೇ ಹೊತ್ತಿಗೆ ಇಲ್ಲಿ ಕೆನಡಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಗೇಮ್ ಮಾಡಿದ ಕಂಪನಿಗೆ ಎರಡು ಪುಟದ ಕಾಗದ ಬರೆದು, ಕಳಿಸುವ ಮುಂಚೆ ನನಗೆ ಓದೋಕೆ ಕೊಟ್ಟ. ಒಂದು ಬೈಗುಳವೂ ಇರಲಿಲ್ಲ. ಮೂರೂ ಗೇಮಿನಲ್ಲಿ ತಾನು ಯಾರನ್ನು ಉಳಿಸಿಕೊಂಡೆ, ಯಾರನ್ನು ಕಳೆದುಕೊಂಡೆ, ಯಾವ ತೀರ್ಮಾನ ಯಾಕೆ ತಗೊಂಡೆ ಅಂತ ಬರೆದಿದ್ದ. ಕೊನೆಗೆ ಒಂದೇ ಪ್ರಶ್ನೆ. ಇದರಲ್ಲಿ ಯಾವುದು ನಿಮ್ಮ ಕಡೇ ಹತ್ತು ನಿಮಿಷಕ್ಕೆ ಬೇಕಾಯಿತು?

ನನಗೆ ಎರಡೂ ಕಡೆಯವರು ಗೊತ್ತು, ಎರಡೂ ಕಡೆಯವರ ಮೇಲೆ ಪ್ರೀತಿ ಇದೆ. ಆದರೆ ಈ ವಿಷಯದಲ್ಲಿ ನಾನು ಕಾಗದ ಬರೆದವನ ಪಕ್ಷ. ಯಾಕೆ ಅಂತ ಹೇಳೋಕೆ ಕಥೆಯನ್ನು ಪೂರ್ತಿ ಬಿಚ್ಚಿಡಬೇಕಾಗುತ್ತದೆ. ಇನ್ನೂ ಆಡದೇ ಇರುವವರು ಆಡಿ ಬಂದು ಓದಿ.

ಈ ಗೇಮ್ ಮಾಡಿದ ಬಯೋವೇರ್ ಅನ್ನೋದು ಕೆನಡಾದ ಎಡ್ಮಂಟನ್‌ನ ಕಂಪನಿ. ಮೊದಲ ಮಾಸ್ ಎಫೆಕ್ಟ್ 2007ರಲ್ಲಿ, ಎರಡನೆಯದು 2010ರಲ್ಲಿ, ಮೂರನೆಯದು 2012ರ ಮಾರ್ಚ್‌ನಲ್ಲಿ ಬಂತು. ನೀವು ಕಮಾಂಡರ್ ಶೆಪರ್ಡ್. ಗಂಡೋ ಹೆಣ್ಣೋ, ಮೆತ್ತನೆಯವರೋ ಒರಟರೋ, ಎಲ್ಲ ನಿಮ್ಮ ಇಷ್ಟ. 50 ಸಾವಿರ ವರ್ಷಕ್ಕೊಮ್ಮೆ ಬಂದು, ಬುದ್ಧಿ ಬೆಳೆದ ಜೀವಿಗಳನ್ನೆಲ್ಲ ಒರೆಸಿಹಾಕಿ ಹೋಗುವ ರೀಪರ್ಸ್ ಅನ್ನೋ ದೈತ್ಯ ಯಂತ್ರಗಳನ್ನು ತಡೆಯಬೇಕು. ಇಂಥ ಕಥೆ ಬೇರೆ ಕಡೆಯೂ ಸಿಗಬಹುದು. ಇಲ್ಲಿ ವಿಶೇಷ ಇದ್ದದ್ದು ಸೇವ್ ಫೈಲಿನಲ್ಲಿ, ಅಂದರೆ ನೀವು ಆಡಿದ್ದನ್ನೆಲ್ಲ ಗೇಮ್ ಬರೆದಿಟ್ಟುಕೊಳ್ಳುವ ಫೈಲಿನಲ್ಲಿ. ಮೊದಲ ಗೇಮಿನ ಸೇವ್ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಬರುತ್ತಿತ್ತು. 2007ರಲ್ಲಿ ನೀವು ಸಾಯಲು ಬಿಟ್ಟವನು 2012ರಲ್ಲೂ ಇರುತ್ತಿರಲಿಲ್ಲ.

ಇದು ಎಷ್ಟು ಆಳಕ್ಕೆ ಇಳಿಯುತ್ತಿತ್ತು ಅನ್ನೋದಕ್ಕೆ ರೆಕ್ಸ್‌ನ ವಿಷಯ ನೋಡಿ. ರೆಕ್ಸ್ ಕ್ರೋಗನ್ ಜಾತಿಯ ಯೋಧ. ಅವನ ಜನಾಂಗಕ್ಕೆ ಬೇರೆಯವರು ಜೆನೋಫೇಜ್ ಅನ್ನೋ ರೋಗ ಹಚ್ಚಿದ್ದಾರೆ, ಮಕ್ಕಳು ಉಳಿಯುವುದೇ ಅಪರೂಪ. ಮೊದಲ ಗೇಮಿನಲ್ಲಿ ವಿರ್ಮೈರ್ ಅನ್ನೋ ಗ್ರಹದಲ್ಲಿ ಅವನು ನಿಮ್ಮ ಮೇಲೇ ಬಂದೂಕು ಎತ್ತುತ್ತಾನೆ, ಅಲ್ಲಿ ಅವನನ್ನು ಸಮಾಧಾನ ಮಾಡಬಹುದು, ಮಾಡದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತದೆ. ಉಳಿಸಿಕೊಂಡಿರಿ ಅನ್ನಿ. ಮೂರನೇ ಗೇಮಿನಲ್ಲಿ ಆ ರೋಗಕ್ಕೆ ಮದ್ದು ಕೊಡುವ ಕೆಲಸ ನಿಮ್ಮ ಕೈಗೆ ಬರುತ್ತದೆ. ಮದ್ದು ಕೊಟ್ಟ ಹಾಗೆ ನಾಟಕ ಮಾಡಿ ಮೋಸವೂ ಮಾಡಬಹುದು. ಮಾಡಿದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ರೆಕ್ಸ್ ನಿಮ್ಮನ್ನು ಹುಡುಕಿಕೊಂಡು ಬಾಹ್ಯಾಕಾಶದ ದೊಡ್ಡ ನಿಲ್ದಾಣ ಸಿಟಡೆಲ್‌ಗೆ ಬರುತ್ತಾನೆ. ಅವನಿಗೆ ಗೊತ್ತಾಗಿರುತ್ತದೆ. ಹಳೆಯ ಗೆಳೆಯ ಎದುರು ನಿಂತು ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತಾನೆ, ಆಮೇಲೆ ಬಂದೂಕು ಎತ್ತುತ್ತಾನೆ, ಬದುಕಿ ವಾಪಸ್ ಹೋಗುವುದಿಲ್ಲ. ಐದು ವರ್ಷದ ಹಿಂದೆ ನೀವು ಆಡಿದ ಒಂದು ಮಾತಿನಿಂದ ಉಳಿದವನು ಅವನು. ಇಷ್ಟು ನೆನಪಿಟ್ಟುಕೊಂಡ ಕಥೆ ಬೇರೆ ಯಾವ ಗೇಮಿನಲ್ಲೂ ನನಗೆ ಸಿಕ್ಕಿಲ್ಲ.

ಈಗ ಕೊನೆಗೆ ಬನ್ನಿ.

ಲಂಡನ್‌ನಲ್ಲಿ ಕಡೇ ಯುದ್ಧ. ಶೆಪರ್ಡ್ ಮೈ ಸುಟ್ಟುಕೊಂಡು, ಕಾಲೆಳೆದುಕೊಂಡು ಸಿಟಡೆಲ್ ತಲುಪುತ್ತಾನೆ. ಅಲ್ಲಿ ಆಂಡರ್ಸನ್ ಸಿಗುತ್ತಾನೆ, ಮೊದಲ ಗೇಮಿನಿಂದ ಬೆನ್ನಿಗೆ ನಿಂತ ಹಿರಿಯ. ಇಬ್ಬರೂ ರಕ್ತ ಸುರಿಸಿಕೊಂಡು ಪಕ್ಕಪಕ್ಕ ಕುಳಿತು, ಕಿಟಕಿಯಾಚೆ ಭೂಮಿಯನ್ನು ನೋಡುತ್ತಾ ನಾಲ್ಕು ಮಾತಾಡುತ್ತಾರೆ. ನಿನ್ನ ಬಗ್ಗೆ ಹೆಮ್ಮೆ ಅನಿಸುತ್ತದೆ ಅಂತ ಹೇಳಿ ಆಂಡರ್ಸನ್ ಸುಮ್ಮನಾಗುತ್ತಾನೆ. ಇಲ್ಲೇ ಪರದೆ ಎಳೆದಿದ್ದರೆ ಸಾಕಿತ್ತು ಅಂತ ಎಷ್ಟೋ ಜನ ಬರೆದರು. ನನಗೂ ಹಾಗೇ ಅನಿಸುತ್ತದೆ. ಇಡೀ ಟ್ರೈಲಾಜಿಯಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ಕಡಿಮೆ.

ಆದರೆ ಆಮೇಲೆ ಶೆಪರ್ಡ್‌ನನ್ನು ಮೇಲಕ್ಕೆ ಒಯ್ಯುತ್ತಾರೆ. ಹೊಳೆಯುವ ಒಬ್ಬ ಪುಟ್ಟ ಹುಡುಗ ಬರುತ್ತಾನೆ, ಅವನೇ ರೀಪರ್‌ಗಳ ಹಿಂದಿನ ಶಕ್ತಿಯಂತೆ. ಯಂತ್ರಗಳು ಎಂದಿದ್ದರೂ ತಮ್ಮನ್ನು ಮಾಡಿದವರ ಮೇಲೆ ತಿರುಗಿಬೀಳುತ್ತವೆ, ಅದನ್ನು ತಪ್ಪಿಸಲು ನಾವು ಆಗಾಗ ಕೊಯ್ಲು ಮಾಡುತ್ತೇವೆ ಅನ್ನುತ್ತಾನೆ. ಮೂರು ದಾರಿ ತೋರಿಸುತ್ತಾನೆ. ಕೆಂಪು ಆರಿಸಿದರೆ ರೀಪರ್‌ಗಳ ನಾಶ, ಜೊತೆಗೆ ಬೇರೆ ಯಂತ್ರಜೀವಿಗಳದ್ದೂ. ನೀಲಿ ಆರಿಸಿದರೆ ಅವುಗಳ ಹತೋಟಿ ನಿಮಗೆ. ಹಸಿರು ಆರಿಸಿದರೆ ಜೀವಿ, ಯಂತ್ರ ಎಲ್ಲ ಬೆರೆತು ಒಂದು. ಯಾವುದನ್ನೇ ಆರಿಸಿ, ಹೆಚ್ಚುಕಮ್ಮಿ ಒಂದೇ ವಿಡಿಯೋ. ಬಣ್ಣ ಬೇರೆ, ಅಷ್ಟೇ. ನಕ್ಷತ್ರಗಳ ನಡುವೆ ಓಡಾಡಲು ಇದ್ದ ರಿಲೇಗಳೆಲ್ಲ ಸಿಡಿದು ಹೋಗುತ್ತವೆ, ನಿಮ್ಮ ಹಡಗು ನಾರ್ಮಂಡಿ ಯಾವುದೋ ಗೊತ್ತಿಲ್ಲದ ಗ್ರಹದಲ್ಲಿ ಬಿದ್ದಿರುತ್ತದೆ, ಅದರೊಳಗಿಂದ ಸ್ವಲ್ಪ ಹೊತ್ತಿನ ಮುಂಚೆ ಲಂಡನ್‌ನಲ್ಲಿ ನಿಮ್ಮ ಪಕ್ಕದಲ್ಲೇ ಇದ್ದ ಗೆಳೆಯರು ಇಳಿದು ಬರುತ್ತಾರೆ. ಅವರು ಅಲ್ಲಿಗೆ ಹೇಗೆ ಹೋದರು? ಗೇಮ್ ಹೇಳಲಿಲ್ಲ.

ಫ್ಯಾನ್‌ಗಳಿಗೆ ಸುಖಾಂತ ಬೇಕಿತ್ತು, ಅದಕ್ಕೇ ಗಲಾಟೆ ಮಾಡಿದರು ಅಂತ ಆಗ ಬರೆದವರು ಜಾಸ್ತಿ. ಅದು ಸರಿಯಲ್ಲ. ನಾಯಕ ಸತ್ತದ್ದು ದೊಡ್ಡ ತಕರಾರಾಗಿರಲಿಲ್ಲ. ನೋವಿದ್ದದ್ದು ಇಲ್ಲಿ: ಅದೇ ಗೇಮಿನಲ್ಲಿ, ಕೆಲವೇ ಗಂಟೆ ಮುಂಚೆ, ರಾನಾಕ್ ಅನ್ನೋ ಗ್ರಹದಲ್ಲಿ ನೀವು ಗೆತ್ ಅನ್ನೋ ಯಂತ್ರಗಳಿಗೂ ಅವನ್ನು ಮಾಡಿದ ಕ್ವೇರಿಯನ್ನರಿಗೂ ರಾಜಿ ಮಾಡಿಸಿರಬಹುದು. ಸುಮಾರು 300 ವರ್ಷದ ದ್ವೇಷ ಅದು. ಎರಡು ಗೇಮಿನಲ್ಲಿ ಸರಿಯಾದ ಮಾತು ಸರಿಯಾದ ಜಾಗದಲ್ಲಿ ಆಡಿದ್ದರೆ ಮಾತ್ರ ಆ ರಾಜಿ ಸಾಧ್ಯ. ಅಷ್ಟು ಕಷ್ಟಪಟ್ಟು ಮಾಡಿಸಿದವರು ಆ ಹುಡುಗನ ಎದುರು ನಿಂತಾಗ, "ನೋಡು, ಕೆಳಗೆ ಯಂತ್ರಗಳೂ ಮನುಷ್ಯರೂ ಒಂದೇ ಪಡೆಯಲ್ಲಿ ನಿಂತು ಹೋರಾಡುತ್ತಿದ್ದಾರೆ" ಅಂತ ಹೇಳೋಕೆ ಒಂದು ಸಾಲು ಕೊಡಲಿಲ್ಲ. ಒಂದೇ ಒಂದು ಸಾಲು! ಮೂರು ಗೇಮ್ ಪೂರ್ತಿ ಮಾತಿನಿಂದಲೇ ಗೆದ್ದ ಶೆಪರ್ಡ್ ಅಲ್ಲಿ ತಲೆಯಾಡಿಸಿ ನಡೆದುಬಿಡುತ್ತಾನೆ.

ಬಿಡುಗಡೆಗೆ ಮುಂಚೆ ನಿರ್ದೇಶಕ ಕೇಸಿ ಹಡ್ಸನ್ ಎ, ಬಿ, ಸಿ ಅಂತ ಆರಿಸಿಕೊಳ್ಳುವ ಥರದ ಎಂಡಿಂಗ್ ಇರುವುದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಜನ ಅದನ್ನು ನಂಬಿದ್ದರು.

ಇಲ್ಲಿನವರು ಏನು ಮಾಡಿದರು ನೋಡಿ. ಎಂಡಿಂಗ್ ಬದಲಿಸಿ ಅಂತ ಕೇಳುವ ರಿಟೇಕ್ ಮಾಸ್ ಎಫೆಕ್ಟ್ ಅನ್ನೋ ಒಂದು ಚಳವಳಿಯೇ ಶುರುವಾಯಿತು. ತಾವು ಬರೀ ಕೂಗಾಡುವವರಲ್ಲ ಅಂತ ತೋರಿಸಲು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ, ಗೇಮ್ ಕೊಡಿಸುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆ ದುಡ್ಡು ಕೂಡಿಸಿದರು, 80 ಸಾವಿರ ಡಾಲರ್ ಮೇಲೆ ಸೇರಿತು. ಕಡೆಗೆ ಆ ಸಂಸ್ಥೆಯೇ ಸಾಕು ಅಂದಿತು, ಒಂದು ಬೇಡಿಕೆಗೆ ತನ್ನ ಹೆಸರು ಅಂಟಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಇನ್ನೊಂದು ಗುಂಪು ಬಯೋವೇರ್ ಕಚೇರಿಗೆ ಸುಮಾರು 400 ಕಪ್‌ಕೇಕ್ ಕಳಿಸಿತು. ಮೇಲೆ ಕೆಂಪು, ನೀಲಿ, ಹಸಿರು ಕ್ರೀಮ್. ಯಾವುದನ್ನು ಕಚ್ಚಿದರೂ ರುಚಿ ಮಾತ್ರ ಒಂದೇ, ವೆನಿಲ್ಲಾ. ಇದಕ್ಕಿಂತ ಚೆನ್ನಾಗಿ ಆ ಎಂಡಿಂಗ್ ಬಗ್ಗೆ ವಿಮರ್ಶೆ ಬರೆಯೋಕೆ ಯಾರಿಗೂ ಆಗಿಲ್ಲ. ಕಂಪನಿಯವರು ಅವನ್ನು ಯುವಕರ ಆಸರೆ ಮನೆಗೆ ಕೊಟ್ಟರು. ಒಬ್ಬ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೇ ದೂರು ಕೊಟ್ಟ. ಬ್ರಿಟನ್‌ನಲ್ಲಿ ಜಾಹೀರಾತು ನೋಡಿಕೊಳ್ಳುವ ಸಂಸ್ಥೆಗೂ ದೂರು ಹೋಯಿತು, ಜಾಹೀರಾತಿನಲ್ಲಿ ಮೋಸವಿಲ್ಲ ಅಂತ ತೀರ್ಪು ಬಂತು. ಸರಿಯಾದ ತೀರ್ಪೇ. ಕಥೆಯ ಕೊರತೆಯನ್ನು ಗ್ರಾಹಕ ಕಾನೂನಿಂದ ಅಳೆಯೋದು ನನಗೂ ಒಪ್ಪಿಗೆಯಿಲ್ಲ.

ನಮ್ಮವರು ಯಾಕೆ ಸುಮ್ಮನಿದ್ದರು? ಒಂದು ಕಾರಣ ಸರಳ. ಆ ಕಾಲಕ್ಕೆ ನಮ್ಮಲ್ಲಿ ಎಷ್ಟೋ ಜನ ಗೇಮ್ ದುಡ್ಡು ಕೊಟ್ಟು ಕೊಂಡವರೇ ಅಲ್ಲ, ಯಾರೋ ಕಾಪಿ ಮಾಡಿಕೊಟ್ಟದ್ದನ್ನು ಆಡಿದವರು. 60 ಡಾಲರ್ ಕೊಟ್ಟವನಿಗೆ ಇರುವ ಗಟ್ಟಿ ದನಿ ಅವರಿಗೆ ಎಲ್ಲಿಂದ ಬರಬೇಕು? ಇನ್ನೊಂದು ಕಾರಣ ಮನಸ್ಸಿನದು. ಕಥೆ ಹೇಳಿದವರದ್ದು, ಕೇಳಿದವರು ಕೇಳಿದೆವು, ಮುಗೀತು. ಮನಸ್ಸಿಗೆ ಹಿಡಿಸದಿದ್ದರೆ ಗೆಳೆಯರ ಹತ್ತಿರ ಎರಡು ಮಾತು ಆಡಿಕೊಂಡು ಮುಂದಕ್ಕೆ ಹೋಗುತ್ತೇವೆ. ಬರೆದವರ ಬಾಗಿಲಿಗೆ ಹೋಗಿ ಕೇಳೋದು ಅಧಿಕಪ್ರಸಂಗ ಅನಿಸುತ್ತದೆ.

ಈ ರೀತಿಯಲ್ಲಿ ಒಂದು ದೊಡ್ಡತನ ಇದೆ, ಇಲ್ಲ ಅನ್ನುವುದಿಲ್ಲ. ಇಲ್ಲಿನವರ ಕೇಳುವ ಹಕ್ಕು ಎಷ್ಟು ಬೇಗ ಕೆಟ್ಟ ಮಾತಿಗೆ ತಿರುಗುತ್ತದೆ ಅಂತ ನೋಡಿದ್ದೇನೆ. ಆ ಗೇಮ್ ಬರುವ ಮುಂಚೆಯೇ, ಅದೇ ಕಂಪನಿಯ ಒಬ್ಬ ಲೇಖಕಿಗೆ ಕೊಟ್ಟ ಕಿರುಕುಳ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಅಂಥವರನ್ನು ಯಾವ ಕಾರಣಕ್ಕೂ ನಾನು ಸಮರ್ಥಿಸುವುದಿಲ್ಲ. ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನೂ ಹಾಗೆ ಮಾಡಲಿಲ್ಲ.

ಇನ್ನೊಂದು ವ್ಯತ್ಯಾಸವೂ ನನಗೆ ಕಾಣಿಸಿತು. ಇಂಡಾಕ್ಟ್ರಿನೇಷನ್ ಥಿಯರಿ ಅಂತ ಒಂದು ವಾದ ಆಗ ಹಬ್ಬಿತ್ತು. ರೀಪರ್‌ಗಳಿಗೆ ಮನಸ್ಸು ಕೆಡಿಸುವ ಶಕ್ತಿ ಇದೆಯಲ್ಲ, ಆ ಕಡೇ ಹತ್ತು ನಿಮಿಷ ನಿಜವಾಗಿ ನಡೆದದ್ದೇ ಅಲ್ಲ, ಶೆಪರ್ಡ್‌ನ ತಲೆಯೊಳಗಿನ ಹೋರಾಟ ಅನ್ನೋ ವಾದ. ಸಾಕ್ಷಿಗಳನ್ನೂ ಹೆಕ್ಕಿ ತೆಗೆದಿದ್ದರು. ಕನಸಿನಲ್ಲಿ ಬರುವಂಥ ಗಿಡಮರಗಳು ಲಂಡನ್‌ನಲ್ಲೂ ಕಾಣುತ್ತವೆ, ಬಂದೂಕಿನಲ್ಲಿ ಗುಂಡು ಮುಗಿಯುವುದೇ ಇಲ್ಲ, ಕೊನೆಯ ಹೊಳೆಯುವ ಹುಡುಗನ ರೂಪದಲ್ಲೇ ಗೇಮಿನ ಶುರುವಿನಲ್ಲೂ ಕಂಡ ಹುಡುಗನನ್ನು ಶೆಪರ್ಡ್ ಬಿಟ್ಟು ಬೇರೆ ಯಾರೂ ಮಾತಾಡಿಸುವುದಿಲ್ಲ. ನಮ್ಮವರಿಗೆ ಇದು ಎಷ್ಟು ಹಿಡಿಸಿತು ಅಂದರೆ, ಸುಮ್ಮನಿದ್ದವರೆಲ್ಲ ರಾತ್ರಿಯಿಡೀ ಇದರ ಬಗ್ಗೆ ಮೆಸೇಜ್ ಮಾಡಿದರು. "ಅವರು ಬೇಕಂತಲೇ ಹೀಗೆ ಮಾಡಿದಾರೆ, ನಮಗೇ ಅರ್ಥ ಆಗಿಲ್ಲ ಅಷ್ಟೇ." ಕಥೆ ಹೇಳಿದವರ ಮರ್ಯಾದೆ ಉಳಿಸಿ, ತಮ್ಮ ಸಮಾಧಾನವನ್ನೂ ಹುಡುಕಿಕೊಳ್ಳುವ ದಾರಿ ಅದು. ಕಾಗದ ಬರೆದವನಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಅವರು ಮಾಡದೇ ಇದ್ದ ಕೆಲಸವನ್ನು ನಾವು ಯಾಕೆ ಅವರ ಲೆಕ್ಕಕ್ಕೆ ಬರೆಯಬೇಕು ಅಂದ. ನನಗೆ ಅವನ ಮಾತೇ ಸರಿ ಅನಿಸುತ್ತದೆ, ಆ ವಾದ ಎಷ್ಟೇ ಜಾಣತನದ್ದಾಗಿದ್ದರೂ.

ಯಾಕೆಂದರೆ ಇದು ಬರೀ ಹೇಳಿದ ಕಥೆ ಆಗಿರಲಿಲ್ಲ ಅಲ್ವಾ? ಅರ್ಧ ಕೆಲಸ ಆಡುವವರದ್ದು ಅಂತ ಆ ಗೇಮೇ ಐದು ವರ್ಷ ಕಲಿಸಿತ್ತು. ರೆಕ್ಸ್ ಬದುಕಿದ್ದು ನನ್ನಿಂದ ಅಂತ ಕಲಿಸಿದ ಮೇಲೆ, ಕೊನೆಯಲ್ಲಿ ಮಾತ್ರ "ಇದು ನಮ್ಮ ಕಲೆ, ನೀವು ನೋಡಿ" ಅಂದರೆ ಹೇಗೆ? ಆಗ ಕೆಲವು ಪತ್ರಕರ್ತರು ಕಲಾವಿದನ ಸ್ವಾತಂತ್ರ್ಯ ಅಂತ ಫ್ಯಾನ್‌ಗಳನ್ನು ಬೈದರು. 2008ರ ಫಾಲ್‌ಔಟ್ 3ರ ಎಂಡಿಂಗನ್ನು ಮರುವರ್ಷವೇ ಒಂದು ಹೆಚ್ಚುವರಿ ಕಂತು, ಅಂದರೆ ಡಿಎಲ್‌ಸಿ ಬದಲಿಸಿತ್ತು, ಕಲೆ ಏನೂ ಸಾಯಲಿಲ್ಲ.

ಬಯೋವೇರ್ ಉತ್ತರ ಕೊಟ್ಟಿತು, ಅದನ್ನು ಮೆಚ್ಚಲೇಬೇಕು. ಮಾರ್ಚ್ 21ಕ್ಕೆ ಸಹಸ್ಥಾಪಕ ರೇ ಮುಝೈಕಾ ಬಹಿರಂಗ ಪತ್ರ ಬರೆದರು. ಜೂನ್ 26ಕ್ಕೆ ಎಕ್ಸ್‌ಟೆಂಡೆಡ್ ಕಟ್ ಅನ್ನೋ ಹಿಗ್ಗಿಸಿದ ಎಂಡಿಂಗ್ ಬಂತು, ಉಚಿತವಾಗಿ. ಗೆಳೆಯರನ್ನು ನಾರ್ಮಂಡಿ ಬಂದು ಹತ್ತಿಸಿಕೊಂಡು ಹೋಗುವ ದೃಶ್ಯ ಸೇರಿಸಿದರು. ಅದಕ್ಕಿಂತ ಮುಖ್ಯವಾಗಿ ರಿಲೇಗಳ ಗೊಂದಲ ತಿಳಿಯಾಯಿತು. 2011ರ ಅರೈವಲ್ ಡಿಎಲ್‌ಸಿಯಲ್ಲಿ ಒಂದು ರಿಲೇ ಒಡೆದು 3 ಲಕ್ಷ ಜನ ಸತ್ತಿದ್ದರು. ಹಾಗಾದರೆ ಎಲ್ಲ ರಿಲೇ ಒಡೆದರೆ ಉಳಿದವರು ಯಾರು ಅಂತ ಜನ ಕೇಳಿದ್ದರು. ಹೊಸ ದೃಶ್ಯದಲ್ಲಿ ರಿಲೇಗಳು ಪೂರ್ತಿ ನಾಶವಾಗದೆ ಜಖಂ ಆಗುತ್ತವೆ. ಸುಮ್ಮನಿದ್ದಿದ್ದರೆ ಇದು ಯಾವುದೂ ಬರುತ್ತಿರಲಿಲ್ಲ.

ಆದರೂ ರಾನಾಕ್‌ನ ಮಾತು ಬರಲೇ ಇಲ್ಲ. ಹುಡುಗನಿಗೆ ಇನ್ನಷ್ಟು ಪ್ರಶ್ನೆ ಕೇಳಬಹುದು, ವಾದ ಗೆಲ್ಲೋಕೆ ಆಗುವುದಿಲ್ಲ. ಮೂರನ್ನೂ ಬೇಡ ಅನ್ನುವ ನಾಲ್ಕನೇ ದಾರಿ ಕೊಟ್ಟರು, ಅದನ್ನು ಹಿಡಿದರೆ ಎಲ್ಲರೂ ಸಾಯುತ್ತಾರೆ, ಗೆಲುವು ಮುಂದಿನ ಸರದಿಯವರದ್ದು. ಅದನ್ನು ನೋಡಿ ಕಾಗದ ಬರೆದವನ ಮುಖ ಸಪ್ಪೆಯಾಗಿತ್ತು.

ನಿಜವಾದ ಉತ್ತರ ಸಿಕ್ಕಿದ್ದು 2013ರ ಮಾರ್ಚ್‌ನ ಸಿಟಡೆಲ್ ಡಿಎಲ್‌ಸಿಯಲ್ಲಿ ಅನ್ನೋದು ನನ್ನ ಅನಿಸಿಕೆ. ಅದರಲ್ಲಿ ಎಂಡಿಂಗ್ ಬಗ್ಗೆ ಒಂದಕ್ಷರ ಇಲ್ಲ. ಮನೆಯೊಂದರಲ್ಲಿ ಪಾರ್ಟಿ, ನೀವು ಉಳಿಸಿಕೊಂಡವರೆಲ್ಲ ಬರುತ್ತಾರೆ, ಕಳೆದುಕೊಂಡವರ ಜಾಗ ಖಾಲಿ ಇರುತ್ತದೆ. ಅವನ ಎರಡು ಪುಟದ ಪಟ್ಟಿಯಲ್ಲಿದ್ದ ಹೆಸರುಗಳು ಅಲ್ಲಿ ಲೆಕ್ಕಕ್ಕೆ ಬಂದವು.

ಈಗ ಮುಂದಿನ ಮಾಸ್ ಎಫೆಕ್ಟ್ ತಯಾರಾಗುತ್ತಿದೆ. 2020ರ ಡಿಸೆಂಬರ್‌ನ ಟೀಸರ್‌ನಲ್ಲಿ ಶೆಪರ್ಡ್ ಜೊತೆ ಮೊದಲಿನಿಂದ ಇದ್ದ ಗೆಳತಿ ಲಿಯಾರಾ ಮಂಜಿನಲ್ಲಿ ಬಗ್ಗಿ, ಶೆಪರ್ಡ್ ತೊಡುತ್ತಿದ್ದಂಥ ಎನ್7 ಗುರುತಿನ ಕವಚದ ತುಂಡೊಂದನ್ನು ಎತ್ತಿಕೊಳ್ಳುತ್ತಾಳೆ. ಹಾಗಾದರೆ ಶೆಪರ್ಡ್ ಬದುಕುಳಿದಿರಬಹುದಾದ ಕೆಂಪು ಎಂಡಿಂಗೇ ನಿಜ ಅಂತಾಯಿತಾ, ಹಸಿರು ಆರಿಸಿದವರ ಗತಿ ಏನು ಅಂತ ಇಲ್ಲಿ ಜಗಳ ಆಗಲೇ ಶುರುವಾಗಿದೆ. ಕನ್ನಡದ ಗೆಳೆಯರೇ, ಈ ಸಲ ನಿಮ್ಮ ಮಾತೂ ಅಲ್ಲಿಗೆ ತಲುಪಲಿ. ಈಗ ನೀವೂ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೀರಿ. ಮರ್ಯಾದೆಯಿಂದ, ಗಟ್ಟಿಯಾಗಿ, ಗೇಮ್ ಬಂದ ಮೇಲಲ್ಲ, ಬರುವ ಮುಂಚೆಯೇ ಬರೆಯಿರಿ. ನಾನು ಬರೆದಾಗಿದೆ: ಯಾವ ಬಣ್ಣವನ್ನು ಬೇಕಾದರೂ ನಿಜ ಮಾಡಿಕೊಳ್ಳಿ, ಆದರೆ ರಾನಾಕ್‌ನಲ್ಲಿ ರಾಜಿ ಮಾಡಿಸಿದವರಿಗೆ ಆ ಒಂದು ಸಾಲು ಈ ಸಲವಾದರೂ ಕೊಡಿ.