ಪೂಲ್ ಆಡೋಕೆ ಗುರಿಯ ಲೆಕ್ಕ ಬೇಕಾ?

ಬೆಳಗಾವಿಯಲ್ಲಿ ಶನಿವಾರ ಸಂಜೆ ಒಂದೇ ಟೇಬಲ್ ಮೇಲೆ ಆಡುವ ಇಬ್ಬರು ಬರೆದದ್ದು ಇದು. ಪೂಲ್ ಅಂದರೆ ಕೋಲಿನಿಂದ (ಕ್ಯೂ) ಬಿಳಿ ಚೆಂಡನ್ನು (ವೈಟ್) ಹೊಡೆದು, ಅದರಿಂದ ಬಣ್ಣದ ಚೆಂಡನ್ನು ಟೇಬಲ್ ಅಂಚಿನ ತೂತಿಗೆ (ಪಾಕೆಟ್) ಬೀಳಿಸುವ ಆಟ. ವಾರಕ್ಕೆ ಒಂದೆರಡು ತಾಸು ಆಡುವವರಿಗೆ ಗುರಿ ಹಿಡಿಯುವ ಪದ್ಧತಿಗಳಿಂದ ಉಪಯೋಗ ಇದೆಯಾ ಅನ್ನೋದು ಪ್ರಶ್ನೆ.

ಪರ

ನಾನು ಉದ್ಯಮಬಾಗದಲ್ಲಿ ಲೇಥ್ ಮೇಲೆ ಕೆಲಸ ಮಾಡುವವನು. ದಿನವಿಡೀ ಕೈಯಲ್ಲಿ ವರ್ನಿಯರ್ ಇರುತ್ತದೆ. ಅಂದಾಜಿನ ಮೇಲೆ ಮಾಡಿದ ಜಾಬ್ ರಿಜೆಕ್ಟ್ ಆಗುತ್ತದೆ. ಆದರೆ ಪೂಲ್ ಮಾತ್ರ ಎರಡು ವರ್ಷ ಅಂದಾಜಿನ ಮೇಲೇ ಆಡಿದೆ. ಒಂದು ವಾರ ಎಲ್ಲಾ ಬೀಳುತ್ತಿದ್ದವು, ಮರುವಾರ ಒಂದೂ ಬೀಳುತ್ತಿರಲಿಲ್ಲ. ಯಾಕೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಮೊದಲು ಕಲಿತದ್ದು ಗೋಸ್ಟ್ ಬಾಲ್. ಪಾಕೆಟ್‌ನಿಂದ ಬಣ್ಣದ ಚೆಂಡಿನ ನಡುವೆ ಹಾದು ಬರುವ ಒಂದು ಗೆರೆ ನೆನೆಸಿಕೊಳ್ಳಿ. ಆ ಗೆರೆಯ ಮೇಲೆ, ಚೆಂಡಿನ ಬೆನ್ನಿಗೆ ತಾಗಿಕೊಂಡು ಇನ್ನೊಂದು ಚೆಂಡು ಇದೆ ಅಂದುಕೊಳ್ಳಿ. ವೈಟ್ ಹೋಗಿ ಅದೇ ಜಾಗದಲ್ಲಿ ಕೂರಬೇಕು. ಪೂಲ್ ಚೆಂಡಿನ ಅಡ್ಡಳತೆ 57.15 ಮಿಲಿಮೀಟರ್. ಅಂದರೆ ತಾಗುವ ಹೊತ್ತಿಗೆ ಎರಡು ಚೆಂಡಿನ ನಡುಬಿಂದುಗಳ ನಡುವೆ ಅಷ್ಟೇ ಅಂತರ ಇರುತ್ತದೆ. ನಾನು ಎರಡು ವರ್ಷ ವೈಟ್‌ನ ನಡುವನ್ನು ತಾಗುವ ಬಿಂದುವಿಗೇ ಗುರಿ ಇಡುತ್ತಿದ್ದೆ. ಹಾಗೆ ಹೊಡೆದರೆ ಕಟ್ ಶಾಟ್ (ಬಣ್ಣದ ಚೆಂಡನ್ನು ಓರೆಗೆ ಕಳಿಸುವ ಹೊಡೆತ) ಯಾವಾಗಲೂ ದಪ್ಪ ಬೀಳುತ್ತದೆ, ಅಂದರೆ ಚೆಂಡು ಬೇಕಾದಷ್ಟು ಓರೆಗೆ ಹೋಗುವುದಿಲ್ಲ. ಈ ಒಂದು ತಪ್ಪು ಗೊತ್ತಾಗಿದ್ದಕ್ಕೇ ನನ್ನ ಆಟ ಬದಲಾಯಿತು.

ಆಮೇಲೆ ಬಂದದ್ದು ಹಾಫ್ ಬಾಲ್ ಲೆಕ್ಕ. ಕ್ಯೂ ಗೆರೆಯನ್ನು ಬಣ್ಣದ ಚೆಂಡಿನ ಅಂಚಿಗೆ ಸರಿಯಾಗಿ ಹಿಡಿದರೆ ಚೆಂಡು 30 ಡಿಗ್ರಿ ಕಟ್ ಆಗುತ್ತದೆ. ತಾಗುವಾಗ ವೈಟ್ ಬಣ್ಣದ ಚೆಂಡಿನ ಮುಕ್ಕಾಲು ಭಾಗ ಮುಚ್ಚಿದರೆ ಸುಮಾರು 14 ಡಿಗ್ರಿ, ಕಾಲು ಚೆಂಡು ಮುಚ್ಚಿದರೆ ಸುಮಾರು 49. ಇದು ಬರೀ ಜ್ಯಾಮಿತಿ, ಯಾರ ಅಭಿಪ್ರಾಯವೂ ಅಲ್ಲ. ಉರುಳುತ್ತಾ ಬಂದ ವೈಟ್ ಕಾಲು ಚೆಂಡಿನಿಂದ ಮುಕ್ಕಾಲು ಚೆಂಡಿನ ಒಳಗೆ ಎಲ್ಲೇ ತಾಗಲಿ, ತನ್ನ ದಾರಿಯಿಂದ ಹೆಚ್ಚುಕಮ್ಮಿ 30 ಡಿಗ್ರಿ ಓರೆಗೆ ಹೋಗುತ್ತದೆ. ಅಲ್ಲಿಗೆ ಮುಂದಿನ ಶಾಟ್‌ಗೆ ವೈಟ್ ಎಲ್ಲಿರುತ್ತದೆ ಅನ್ನೋದೂ ಅರ್ಧ ಗೊತ್ತಾದ ಹಾಗೆ. ಇದು ಸಣ್ಣ ಲಾಭವಾ?

ನನ್ನ ಜೊತೆ ಆಡುವ, ಕೆಳಗೆ ವಿರೋಧ ಬರೆದಿರುವ ಕಾಕಾ ಪ್ರತಿ ಸಲ ಕ್ಯಾರಮ್ ಉದಾಹರಣೆ ಕೊಡುತ್ತಾರೆ. ಅಲ್ಲಿ ಯಾರಿಗೂ ಲೆಕ್ಕ ಹೇಳಿಕೊಟ್ಟಿಲ್ಲ, ಆದರೂ ಕಾಯಿ ಬೀಳುತ್ತದೆ ಅಂತ. ಸರಿ. ಆದರೆ ಕ್ಯಾರಮ್ ಹಲಗೆ 74 ಸೆಂಟಿಮೀಟರ್ ಚೌಕ. 9 ಅಡಿ ಪೂಲ್ ಟೇಬಲ್‌ನ ಆಡುವ ಜಾಗ 254 ಸೆಂಟಿಮೀಟರ್ ಉದ್ದ. ಜೊತೆಗೆ ಸ್ಟ್ರೈಕರ್ ದೊಡ್ಡದು, ಕಾಯಿ ಚಿಕ್ಕದು. ಆ ಕಣ್ಣು ಇಲ್ಲಿಗೆ ಹಾಗೇ ಬರುವುದಿಲ್ಲ. ದಿನಾ ಆಡುವವರಿಗೆ ಹೊಸ ಕಣ್ಣು ತಾನಾಗೇ ಬೆಳೆಯಬಹುದು. ವಾರಕ್ಕೆ ಎರಡು ತಾಸು ಸಿಗುವ ನನಗೆ ಪ್ರತಿ ವಾರ ಮೊದಲಿನಿಂದ ಶುರು ಮಾಡೋಕೆ ಟೈಮ್ ಇಲ್ಲ. ಲೆಕ್ಕ ಇದ್ದರೆ ಹೋದ ವಾರ ಬಿಟ್ಟಲ್ಲಿಂದ ಶುರು ಮಾಡಬಹುದು.

ವಿರೋಧ

ತಮ್ಮನ ಲೆಕ್ಕದಲ್ಲಿ ತಪ್ಪಿಲ್ಲ. ಗೋಸ್ಟ್ ಬಾಲ್ ಅನ್ನು 10 ನಿಮಿಷ ಯಾರಿಗಾದರೂ ಹೇಳಿಕೊಡಬಹುದು, ನಾನೂ ಹೇಳಿಕೊಟ್ಟಿದ್ದೇನೆ. ನನ್ನ ತಕರಾರು ಆ 10 ನಿಮಿಷ ಆದಮೇಲೆ ಶುರುವಾಗುತ್ತದೆ.

ಅವನಿಗೆ ಲೆಕ್ಕ ಇಷ್ಟ, ಹಾಗಾಗಿ ನಾನೂ ಲೆಕ್ಕದಲ್ಲೇ ಹೇಳುತ್ತೇನೆ. ವೈಟ್‌ಗೂ ಬಣ್ಣದ ಚೆಂಡಿಗೂ 1 ಮೀಟರ್ ದೂರ ಇದೆ. ಶಾಟ್ ಪೂರ್ತಿ ನೇರ. ಗುರಿಯೂ ಸರಿ ಇದೆ. ಆದರೆ ಹೊಡೆಯುವಾಗ ಮೊಣಕೈ ಅಲುಗಾಡಿ ವೈಟ್ ಅರ್ಧ ಡಿಗ್ರಿ ಓರೆ ಹೊರಟಿತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಸುಮಾರು 9 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಷ್ಟಕ್ಕೇ ಬಣ್ಣದ ಚೆಂಡಿನ ದಾರಿ ಸುಮಾರು 9 ಡಿಗ್ರಿ ತಪ್ಪುತ್ತದೆ. ಪಾಕೆಟ್ ಇನ್ನೊಂದು ಮೀಟರ್ ಆಚೆ ಇದ್ದರೆ ಚೆಂಡು ಪಾಕೆಟ್‌ನಿಂದ 15 ಸೆಂಟಿಮೀಟರ್ ಪಕ್ಕಕ್ಕೆ ಹೋಗಿ ಕುಷನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಬಡಿಯುತ್ತದೆ. ಅರ್ಧ ಡಿಗ್ರಿಗೆ ಇಷ್ಟು! ವಾರಕ್ಕೊಮ್ಮೆ ಆಡುವವರ ಕೈ ಅರ್ಧ ಡಿಗ್ರಿ ಒಳಗೆ ನಿಲ್ಲುತ್ತದಾ? ನಾನು ನೋಡಿದ ಹೆಚ್ಚಿನವರದು ನಿಲ್ಲುವುದಿಲ್ಲ. ಗುರಿ ಸರಿಯಿಟ್ಟು ಕೈ ತಪ್ಪಿದ ಶಾಟ್ ನೋಡಿ ಇವರು ಗುರಿಯನ್ನೇ ಬದಲಿಸುತ್ತಾರೆ. ಅಲ್ಲಿಂದ ಎರಡೂ ಹಾಳು.

ಇನ್ನೊಂದು ಮಾತು. 30 ಡಿಗ್ರಿ ಅನ್ನೋದು ಕಾಗದದ ಮೇಲಿನ ಮಾತು. ಚೆಂಡುಗಳು ತಾಗಿದಾಗ ಒಂದನ್ನೊಂದು ಸ್ವಲ್ಪ ಎಳೆಯುತ್ತವೆ. ಮೆಲ್ಲಗೆ ಹೊಡೆದರೆ ಆ ಎಳೆತ ಜಾಸ್ತಿ, ಚೆಂಡಿಗೆ ಕೊಳೆ ಹತ್ತಿದ್ದರೆ ಇನ್ನೂ ಜಾಸ್ತಿ. ಬಣ್ಣದ ಚೆಂಡು ಲೆಕ್ಕಕ್ಕಿಂತ ದಪ್ಪ ಹೋಗುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಬಟ್ಟೆ ತೇವ ಹಿಡಿದು ಟೇಬಲ್ ನಿಧಾನ ಆಗಿರುತ್ತದೆ. ಗೊತ್ತಿಲ್ಲದೆ ವೈಟ್‌ನ ನಡು ಬಿಟ್ಟು ಎಡಕ್ಕೆ ತಾಗಿಸಿದರೆ ವೈಟ್ ಬಲಕ್ಕೆ ಸರಿದು ಹೊರಡುತ್ತದೆ. ಇದನ್ನೆಲ್ಲ ಹೊಂದಿಸಿಕೊಳ್ಳೋದು ಕಣ್ಣು, ನೂರಾರು ಶಾಟ್ ನೋಡಿ ನೋಡಿ.

ಅಮೆರಿಕದ ಹಾಲ್ ಹೌಲ್ ಹಬ್ಬಿಸಿದ ಸೆಂಟರ್ ಟು ಎಡ್ಜ್ ಪದ್ಧತಿಯನ್ನೂ ಒಂದು ಮಳೆಗಾಲ ಪೂರ್ತಿ ಮಾಡಿ ನೋಡಿದೆ. ವೈಟ್‌ನ ನಡುವಿನಿಂದ ಬಣ್ಣದ ಚೆಂಡಿನ ಅಂಚಿಗೆ ಗೆರೆ ನೋಡಬೇಕು, ಆಮೇಲೆ ಕ್ಯೂ ಒಂದಿಷ್ಟು ತಿರುಗಿಸಬೇಕು. ಒಂದೇ ಗೆರೆ, ಒಂದೇ ತಿರುವು ಅಂದರೆ ಸಿಗೋದು ಒಂದೇ ಕೋನ. ಟೇಬಲ್ ಮೇಲೆ ಬರುವ ಕೋನಗಳಿಗೆ ಲೆಕ್ಕವೇ ಇಲ್ಲ. ಉಳಿದದ್ದನ್ನು ತುಂಬಿಕೊಳ್ಳೋದು ಮತ್ತೆ ನಮ್ಮ ಕಣ್ಣೇ, ಹೆಸರು ಮಾತ್ರ ಪದ್ಧತಿಗೆ. ಅದರಿಂದ ಆಡುವವರಿಗೆ ಧೈರ್ಯ ಬರುತ್ತದೆ, ಶಾಟ್‌ಗೆ ಮುಂಚೆ ಒಂದು ಕ್ಷಣ ನಿಂತು ನೋಡುತ್ತಾರೆ. ಆ ಲಾಭ ನಿಜ, ಒಪ್ಪುತ್ತೇನೆ. ಆದರೆ ಅದಕ್ಕಾಗಿ ಒಂದು ಮಳೆಗಾಲ ಕೊಡಬೇಕಾಗಿರಲಿಲ್ಲ.

ಬೆಳಗಾವಿಯ ಕ್ಯಾಂಪ್ ಕಡೆ ನನಗೆ ಆಟ ಕಲಿಸಿದ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: "ಮೊದ್ಲ ಕೈ ಸೀದಾ ಆಗ್ಲಿ ತಮ್ಮಾ, ಲೆಕ್ಕ ಆಮ್ಯಾಲೆ." ಅವರು ಮಾಡಿಸುತ್ತಿದ್ದದ್ದು ಇಷ್ಟು. ಟೇಬಲ್ ಖಾಲಿ ಇದ್ದಾಗ ವೈಟ್ ಒಂದನ್ನೇ ಇಟ್ಟು, ಆಚೆ ಕಡೆಯ ಕುಷನ್‌ಗೆ ನೇರ ಹೊಡೆಯಬೇಕು. ಅದು ವಾಪಸ್ ಬಂದು ಕ್ಯೂ ಟಿಪ್‌ಗೇ ತಾಗಬೇಕು. ಕ್ಯೂ ಅಲ್ಲಿಯವರೆಗೆ ಕದಲಬಾರದು. ಕೈ ಓರೆಯಾದರೆ, ವೈಟ್‌ನ ನಡು ತಪ್ಪಿದರೆ, ಚೆಂಡು ಪಕ್ಕಕ್ಕೆ ಹೋಗಿ ತಾನೇ ಹೇಳುತ್ತದೆ.

ತಮ್ಮನ ಎರಡು ತಾಸಿನಲ್ಲಿ 15 ನಿಮಿಷ ಇದಕ್ಕೆ ಕೊಡು ಅಂತ ಕೇಳಿದ್ದೇನೆ. ಹೋದ ಶನಿವಾರ ಶುರು ಮಾಡಿದೆವು. ಅವನಿಗೆ 10ರಲ್ಲಿ 3 ವಾಪಸ್ ಬಂದವು, ನನಗೆ 6. ಈ ಶನಿವಾರ ಮತ್ತೆ ಎಣಿಸುತ್ತೇವೆ.