ಹದಿನೆಂಟು ಗ್ರಾಂ ನೆಮ್ಮದಿ

ಶನಿವಾರ ಬೆಳಿಗ್ಗೆ ಆರಕ್ಕೆ ಅಲಾರಂ ಬಡಿದುಕೊಂಡಿತು. ರಜೆಯ ದಿನ ಇದೇನು ರೀ ಎಂದು ಹೆಂಡತಿ ಮಗ್ಗುಲು ಬದಲಿಸುತ್ತ ಕೇಳಿದಳು. ವಿಶ್ರಾಂತಿ ಬಹಳ ಬಾಕಿ ಉಳಿದಿದೆ, ಈಗಲೇ ಹಿಡಿಯದಿದ್ದರೆ ಎರಡು ದಿನದಲ್ಲಿ ಮುಗಿಯುವುದಿಲ್ಲ ಎಂದೆ.

ಇದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕೆಲಸವನ್ನಾದರೂ ಹೇಗೋ ಮಾಡಿ ಕೈತೊಳೆದುಕೊಳ್ಳಬಹುದು. ವಿರಾಮವನ್ನು ಹಾಗೆ ಕಾಟಾಚಾರಕ್ಕೆ ತೆಗೆದುಕೊಳ್ಳುವ ಕಾಲ ಹೋಯಿತು. ಮನಸ್ಸು ಹಗುರಾಗಬೇಕೇ, ಮಣ್ಣು ಮುಟ್ಟಿ, ಕಾಫಿಯನ್ನು ಕೈಯಾರೆ ಮಾಡಿ, ಜಾಝ್ ಕೇಳಿ ಎಂದು ಕಂಡಕಂಡವರೆಲ್ಲ ಬುದ್ಧಿ ಹೇಳುತ್ತಾರೆ. ಮೂರೂ ಒಳ್ಳೆಯವೇ. ತೊಂದರೆ ಶುರುವಾಗುವುದು ಅವರ ಮಾತು ಕೇಳಿದ ಮೇಲೆ. ಗಿಡಕ್ಕೆ ನೀರು ಹಾಕಿದೆ ಎಂದರೆ ಎಷ್ಟು ಮಿಲಿಲೀಟರ್ ಎನ್ನುತ್ತಾರೆ. ಕಾಫಿ ಕುಡಿದೆ ಎಂದರೆ ಎಷ್ಟು ಸೆಕೆಂಡಿನದು ಎನ್ನುತ್ತಾರೆ. ಜಾಝ್ ಕೇಳಿದೆ ಎಂದರೆ ಗ್ರಾಮಫೋನ್ ತಟ್ಟೆಯ ಯಾವ ಮುದ್ರಣ ಎನ್ನುತ್ತಾರೆ. ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೂ ಇಷ್ಟು ಪಾಟಿಸವಾಲು ಇರುವುದಿಲ್ಲ.

ಕಾಫಿಯಿಂದಲೇ ಹೇಳುತ್ತೇನೆ, ನನ್ನ ಮಾನ ಮೊದಲು ಹೋದದ್ದು ಅಲ್ಲೇ. ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಯಾದ ಎಸ್ಪ್ರೆಸೊಗೆ ಒಂದು ಸೂತ್ರವಿದೆ: 18 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡು, ಬಟ್ಟಲಿಗೆ ಇಳಿಯಬೇಕಾದದ್ದು 36 ಗ್ರಾಂ. ತಕ್ಕಡಿಗೆ ಬೀಜ ಸುರಿದೆ. 18.1 ಎಂದಿತು. ಒಂದು ಬೀಜ ತೆಗೆದೆ. 17.9 ಎಂದಿತು. ಅದನ್ನೇ ಮತ್ತೆ ಹಾಕಿದೆ, ಮತ್ತೆ 18.1. ಒಂದೊಂದು ಬೀಜವೂ ಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ತೂಗುತ್ತದೆ ಎಂಬ ಜ್ಞಾನೋದಯ ಬೆಳಿಗ್ಗೆ ಆರೂವರೆಗೆ ಆಯಿತು. ಕನ್ನಡಕ ಏರಿಸಿಕೊಂಡು ಚೀಲದಲ್ಲಿ ಬೆರಳಾಡಿಸಿ ಬಡಕಲು ಬೀಜವೊಂದನ್ನು ಹುಡುಕಿದೆ. ಮೂರು ಬಡಕಲು ಬೀಜಗಳು ಸಿಕ್ಕವು, ಮೂರೂ ತಕ್ಕಡಿಯ ಮೇಲೆ ಏರಿದೊಡನೆ ದಪ್ಪಗಾದವು. ಕೊನೆಗೆ ಒಂದನ್ನು ಹಲ್ಲಿನಿಂದ ಎರಡು ಹೋಳು ಮಾಡಿ ಅರ್ಧವನ್ನು ತಕ್ಕಡಿಗಿಟ್ಟೆ. 18.0! ಬಾಯಲ್ಲಿ ಉಳಿದ ಅರ್ಧವೇ ಅಂದಿನ ಮೊದಲ ಕಾಫಿ.

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಬೀಸುವ ಮುನ್ನ ಬೀಜಕ್ಕೆ ಒಂದು ಹನಿ ನೀರು ಚಿಮುಕಿಸಬೇಕು, ಇಲ್ಲವಾದರೆ ಸ್ಥಾಯಿ ವಿದ್ಯುತ್ತಿನಿಂದ ಪುಡಿ ಯಂತ್ರಕ್ಕೆಲ್ಲ ಅಂಟಿಕೊಳ್ಳುತ್ತದೆ. ಬೀಸಿದ ಪುಡಿಯ ಗಂಟು ಬಿಡಿಸಲು ಸೂಜಿಗಳ ಗೊಂಚಲಿನಿಂದ ಕೆದಕಬೇಕು. ಸಮನಾಗಿ ಅದುಮಬೇಕು. ಇಷ್ಟೆಲ್ಲ ಮಾಡಿದರೆ ಮೊದಲ ಬಟ್ಟಲು 14 ಸೆಕೆಂಡಿಗೇ ತುಂಬಿ ಹುಳಿಹುಳಿಯಾಯಿತು. ಪುಡಿಯನ್ನು ನಯ ಮಾಡಿದೆ, 50 ಸೆಕೆಂಡು ಹಿಡಿದು ಕಹಿಯಾಯಿತು. ಹೀಗೆ ಹುಳಿಗೂ ಕಹಿಗೂ ನಡುವೆ ಓಡಾಡಿ ಏಳನೆಯ ಬಟ್ಟಲಿಗೆ ಹದ ಸಿಕ್ಕಿತು. ಚೆಲ್ಲಲು ಮನಸ್ಸು ಬಾರದೆ ಹಿಂದಿನ ಆರನ್ನೂ ಕುಡಿದಿದ್ದೆ. ಏಳನೆಯದು ಹೇಗಿತ್ತು ಎಂದು ಹೇಳಲಾರೆ, ನಾಲಗೆ ಆಗಲೇ ರಾಜೀನಾಮೆ ಕೊಟ್ಟಿತ್ತು. ಕೈ ನಡುಗುತ್ತಿತ್ತು. ಮಣಿಕಟ್ಟಿನ ಗಡಿಯಾರ ಗುಂಯ್‌ಗುಟ್ಟಿ 'ನಿಮ್ಮ ಒತ್ತಡ ಹೆಚ್ಚಾಗಿದೆ, ದೀರ್ಘವಾಗಿ ಉಸಿರಾಡಿ' ಎಂದಿತು.

ಹಿಂದೆ ಕಾಫಿಗೆ ಇಷ್ಟೆಲ್ಲ ರಂಪವಿರಲಿಲ್ಲ. ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ಶಾಲಾ ಪುಸ್ತಕದ ಒತ್ತುಕಾಗದವನ್ನು ಅದರ ಮೇಲೆ ಹಾಸಿ, ಗಷ್ಟಿಲ್ಲದ ಕಾಫಿ ಸೋಸಿಕೊಂಡರು. 1908ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಆ ಕಾಗದದ ಸಂತತಿಯನ್ನು ಇಂದು ಬಳಸುವವರು ಮೊದಲು ಅದಕ್ಕೆ ಬಿಸಿನೀರಿನ ಅಭ್ಯಂಜನ ಮಾಡಿಸುತ್ತಾರೆ, ಬಿಳಿಯದು ಮೇಲೋ ಕಂದು ಬಣ್ಣದ್ದು ಮೇಲೋ ಎಂದು ಸ್ನೇಹ ಕಡಿದುಕೊಳ್ಳುತ್ತಾರೆ.

ಎಂಟೂವರೆಗೆ ತೋಟಗಾರಿಕೆ. ತೋಟ ಎಂದರೆ ಹನ್ನೊಂದು ಕುಂಡ. ಮಣ್ಣಿನ ತೇವ ಅಳೆಯುವ ಕಡ್ಡಿ, ಹುಳಿ-ಕ್ಷಾರ ಅಳೆಯುವ ಕಡ್ಡಿ, ಬೆಳಕು ಅಳೆಯುವ ಡಬ್ಬಿ ಎಲ್ಲವೂ ಇವೆ. ತೀವ್ರ ನಿಗಾ ಘಟಕದ ರೋಗಿಗೂ ಇಷ್ಟು ಚುಚ್ಚುವುದಿಲ್ಲ. ಕೆಲವು ದಿನಗಳ ಹಿಂದೆ ಒಂದು ಗಿಡದ ಎಲೆ ಜೋತುಬಿದ್ದಿತ್ತು, ನೀರು ಹಾಕಿದೆ. ಮರುದಿನ ಇನ್ನಷ್ಟು ಜೋತಿತು, ಇನ್ನಷ್ಟು ಹಾಕಿದೆ. ಕುಂಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ; ಕೊಳೆತ ಬೇರು ನೀರು ಹೀರಲಾರದ್ದರಿಂದ ಗಿಡ ಬಾಯಾರಿದಂತೆಯೇ ಬಾಡುತ್ತದೆ. ಮಾಲೀಕ ಕನಿಕರದಿಂದ ಮತ್ತೊಂದು ಚೊಂಬು ಸುರಿಯುತ್ತಾನೆ. ಮನೆಯೊಳಗಿನ ಕುಂಡಗಳಲ್ಲಿ ಬಾಯಾರಿ ಸಾಯುವುದಕ್ಕಿಂತ ಪ್ರೀತಿಯಲ್ಲಿ ಮುಳುಗಿ ಸಾಯುವ ಗಿಡಗಳಿಗೇನೂ ಕೊರತೆಯಿಲ್ಲ. ಬೇರು ನೋಡಿಯೇ ಬಿಡೋಣ ಎಂದು ಅದನ್ನು ಕಿತ್ತು ಮೇಲೆತ್ತಿದೆ. ಅಷ್ಟು ಹೊತ್ತು ಅದಕ್ಕೆ ಸ್ವಲ್ಪ ಜೀವವಿತ್ತು ಎಂದು ಹೆಂಡತಿಯ ಅಂಬೋಣ.

ಮಿತ್ರರೊಬ್ಬರದು ಇನ್ನೂ ದೊಡ್ಡ ಕಥೆ. ಮನೆಯೊಳಗಿನ ಗಿಡ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂದು 1989ರಲ್ಲಿ ನಾಸಾ ಪ್ರಯೋಗವೇ ತೋರಿಸಿದೆ ಎಂದು ಅವರು ಎದೆಯುಬ್ಬಿಸಿ ಹೇಳುತ್ತಾರೆ. ಪ್ರಯೋಗ ನಡೆದದ್ದು ನಿಜ, ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಗಳೊಳಗೆ. ನಮ್ಮ ಮನೆಗಳಿಗೆ ಬಾಗಿಲಿರುತ್ತದೆ. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾದೀತು ಎಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಲೆಕ್ಕ ಹಾಕಿತು. ಇದನ್ನು ಅವರಿಗೆ ಓದಿ ಹೇಳಿದ್ದು ನನ್ನ ತಪ್ಪು. ಅವರು ಹತ್ತನ್ನು ಗುರಿಯಾಗಿ ಹಿಡಿದರು. ಈಗ ಅವರ ಕೋಣೆಯಲ್ಲಿ ಅಡ್ಡಡ್ಡ ನಡೆಯಬೇಕು. ಹೋದ ವಾರ ಉಸಿರುಕಟ್ಟುತ್ತಿದೆ, ಕಿಟಕಿ ತೆರೆಯಬಹುದೇ ಎಂದು ಕೇಳಿದೆ. ಸಾಧ್ಯವಿಲ್ಲ, ಮುಂದೆ ಕುಂಡಗಳಿವೆ ಎಂದರು.

ಜಾಝ್ ಕೂಟವೂ ಅವರ ಮನೆಯಲ್ಲೇ, ಶನಿವಾರ ಸಂಜೆ. ಎರಡು ಸ್ಪೀಕರುಗಳಿಗೂ ಕುರ್ಚಿಗೂ ನಡುವೆ ಸಮಬಾಹು ತ್ರಿಕೋನ ಏರ್ಪಡಬೇಕು. ಅದಕ್ಕಾಗಿ ಅಳತೆಪಟ್ಟಿ ಬರುತ್ತದೆ. ತ್ರಿಕೋನದ ಶೃಂಗದಲ್ಲಿ ಒಬ್ಬನೇ ಕೂರಬಹುದಾದ್ದರಿಂದ ಉಳಿದವರು ಬೇಸರಪಟ್ಟುಕೊಂಡು ಕೇಳಬೇಕು. ಮಾತಾಡುವಂತಿಲ್ಲ. ಕಾಲಿನಲ್ಲಿ ತಾಳ ಹಾಕಿದರೆ ತಟ್ಟೆಯ ಮೇಲಿನ ಸೂಜಿ ಹಾರುತ್ತದೆ. ಹೋಟೆಲು, ಕುಣಿತದ ಕಟ್ಟೆಗಳಲ್ಲಿ ಜನ ತಿಂದು ಕುಡಿದು ಕುಣಿಯುವಾಗ ಬೆಳೆದ ಸಂಗೀತವನ್ನು ನಾವು ಹೀಗೆ ಪರೀಕ್ಷಾ ಕೊಠಡಿಯ ಶಿಸ್ತಿನಲ್ಲಿ ಕೇಳುತ್ತೇವೆ.

ಅಂದು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ಆಲ್ಬಂ 'ಕೈಂಡ್ ಆಫ್ ಬ್ಲೂ' ಹಾಕಿದರು. ಹಳೆಯ ಮುದ್ರಣವೇ ಸತ್ಯ, ಉಳಿದದ್ದೆಲ್ಲ ನೆರಳು ಎಂದು ಪೀಠಿಕೆ ಹಾಕಿದರು. ನಾನು ಸುಮ್ಮನಿರಬೇಕಿತ್ತು. ಮುದ್ರಿಸಿಕೊಳ್ಳುವಾಗ ಒಂದು ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಆ ತಟ್ಟೆಯ ಮೊದಲ ಮಗ್ಗುಲಿನ ಮೂರೂ ರಚನೆಗಳ ಶ್ರುತಿ ಕೊಂಚ ಮೇಲೇರಿ ಕೂತಿತ್ತು. ಸರಿಪಡಿಸಿದ ಆವೃತ್ತಿ ಬಂದದ್ದು 1992ರಲ್ಲಿ ಎಂದುಬಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ಲೋಕವೆಲ್ಲ ತಪ್ಪು ಶ್ರುತಿಗೆ ಕಣ್ಣುಮುಚ್ಚಿ ತಲೆದೂಗಿ, ಸುಖವಾಗಿಯೇ ಇತ್ತು. ಆ ವಾದಕರಿಗಂತೂ ಡೇವಿಸ್ ಕೊಟ್ಟದ್ದು ಬರಿಯ ಸ್ವರಶ್ರೇಣಿಗಳ ಗೀಟು. ಹೆಚ್ಚಿನ ತಾಲೀಮೂ ಇರಲಿಲ್ಲ. ಅವರು ನುಡಿಸಲು ಮಾಡಿಕೊಂಡ ಸಿದ್ಧತೆಗಿಂತ ನಾವು ಕೇಳಲು ಮಾಡಿಕೊಂಡ ಸಿದ್ಧತೆ ಹೆಚ್ಚು.

ಮಿತ್ರರ ಮುಖ ಬಿಳುಪೇರಿತು. ಒಂದು ನಿಮಿಷ ಕುಂಡಗಳನ್ನೇ ನೋಡುತ್ತಿದ್ದರು. ಆಮೇಲೆ ಸಾವರಿಸಿಕೊಂಡು, "ಆ ತಪ್ಪು ಶ್ರುತಿಯಲ್ಲೇ ಅದರ ಆತ್ಮವಿರುವುದು ಸ್ವಾಮಿ, ನಿಮಗೆ ಗೊತ್ತಾಗುವುದಿಲ್ಲ" ಎಂದರು. ಅಂದಿನಿಂದ ಶೃಂಗದ ಕುರ್ಚಿ ನನಗೆ ಸಿಕ್ಕಿಲ್ಲ.

ಭಾನುವಾರದ ವರದಿ ಚಿಕ್ಕದು. ಹಿಂದಿನ ದಿನದ ವಿಶ್ರಾಂತಿಯ ದಣಿವಿಗೆ ನಿದ್ದೆ ಬರಲಿಲ್ಲ. ಗಡಿಯಾರ ನಿದ್ದೆಗೆ 100ಕ್ಕೆ 41 ಅಂಕ ಕೊಟ್ಟಿತು. ಅಂಕ ಕಡಿಮೆಯಾಯಿತಲ್ಲ ಎಂಬ ಚಿಂತೆಯಲ್ಲಿ ಮರುದಿನ 38 ಬಂತು.

ಸೋಮವಾರ ಕಚೇರಿಗೆ ಹೋದೆ. ಮೊಗಸಾಲೆಯ ಯಂತ್ರದ ಗುಂಡಿ ಒತ್ತಿದೆ, ಗೊರಗೊರ ಎಂದು ಅದು ಲೋಟ ತುಂಬಿಸಿತು. ಎಷ್ಟು ಗ್ರಾಂ ಎಂದು ಅದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿಟಕಿಯಲ್ಲೊಂದು ಗಿಡವಿದೆ. ಅದರ ಹೆಸರು ಯಾರಿಗೂ ಗೊತ್ತಿಲ್ಲ. ಉಳಿದ ಚಹಾ ಸುರಿಯುವುದು ಅದಕ್ಕೇ, ಪೆನ್ಸಿಲ್ ಹೊಟ್ಟು ಉದುರಿಸುವುದೂ ಅದಕ್ಕೇ. ಚಾವಣಿ ಮುಟ್ಟುವಂತೆ ಬೆಳೆದಿದೆ. ಲೋಟ ಹಿಡಿದು ಅದರ ಪಕ್ಕದಲ್ಲಿ ಕೂತು, ಯಾವುದೋ ಬಿಲ್ಲಿನ ವಿಚಾರವಾಗಿ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಕಾಯಿರಿ ಎಂದು ಹೇಳಿ ಸ್ಯಾಕ್ಸೊಫೋನ್ ಹಾಕಿದರು. ಪರವಾಗಿಲ್ಲ, ಚೆನ್ನಾಗಿಯೇ ನುಡಿಸುತ್ತಿದ್ದ. ಕುರ್ಚಿ ಹಿಂದಕ್ಕೆ ಒರಗಿಸಿದೆ, ಕಾಲು ತಾನಾಗಿ ತಾಳ ಹಾಕತೊಡಗಿತು. ಹತ್ತು ನಿಮಿಷ ಕಳೆದಿರಬೇಕು. ಅಷ್ಟರಲ್ಲಿ ಹೆಣ್ಣುಮಗಳೊಬ್ಬಳು "ನಮಸ್ಕಾರ, ನನ್ನಿಂದ ಏನಾಗಬೇಕು?" ಎಂದು ನಡುವೆ ಬಾಯಿ ಹಾಕಿದಳು.

ಏನೂ ಇಲ್ಲ ತಾಯಿ, ಇನ್ನು ಸ್ವಲ್ಪ ಹೊತ್ತು ಕಾಯಿಸಿ ಎಂದೆ.